ತೇವದಲ್ಲಿ ಒಣಗುವ ಚಿತ್ರ

ಒಣಗಿಸುವ ವಿಷಯದಲ್ಲಿ ನನಗೆ ಬುದ್ಧಿ ಹೇಳುವವರು ಇಡೀ ಬೀದರಿನಲ್ಲಿ ಇಲ್ಲವೆಂದೇ ಹೋದ ಏಪ್ರಿಲ್ ತನಕ ನಂಬಿದ್ದೆ. ಚಿದ್ರಿಯಲ್ಲಿ ಹಪ್ಪಳದ ಶಶಿಕಲಾ ಎಂದರೆ ಯಾರಾದರೂ ನಮ್ಮ ಮನೆ ತೋರಿಸುತ್ತಾರೆ. ಇಪ್ಪತ್ತೆರಡು ವರ್ಷದಿಂದ ನಾಲ್ಕು ಜನ ಹೆಂಗಸರನ್ನು ಕಟ್ಟಿಕೊಂಡು ಹಪ್ಪಳ, ಸಂಡಿಗೆ, ಕುರಡಗಿ ಮಾಡಿ ಮಾರುತ್ತೇನೆ. ನಮ್ಮ ಮಾಳಿಗೆಯ ಯಾವ ಮೂಲೆಗೆ ಯಾವ ಹೊತ್ತಿಗೆ ಬಿಸಿಲು ಬೀಳುತ್ತದೆ ಎಂದು ಕಣ್ಣು ಮುಚ್ಚಿ ಹೇಳಬಲ್ಲೆ. ಒಂದು ವಸ್ತು ಒಣಗಲಿಲ್ಲವೆಂದರೆ ಅದಕ್ಕೆ ಬಿಸಿಲು ಸಾಲದು, ಅಷ್ಟೆ.

ಇನ್ನೊಂದು ಮಾತನ್ನೂ ಮೊದಲೇ ಹೇಳಿಬಿಡುತ್ತೇನೆ. ‘ನನ್ನದು ತಪ್ಪಾಯಿತು’ ಎಂಬ ಮಾತು ನನ್ನ ಬಾಯಿಂದ ಬಂದದ್ದನ್ನು ಮದುವೆಯಾದ ಮೂವತ್ತಾರು ವರ್ಷಗಳಲ್ಲಿ ಒಮ್ಮೆಯೂ ಕೇಳಿಲ್ಲ ಎಂದು ನಮ್ಮವರು ಊರೆಲ್ಲ ಹೇಳಿಕೊಂಡು ತಿರುಗುತ್ತಾರೆ. ನಮ್ಮವರೆಂದರೆ ಹಾವಗೆಪ್ಪ, ಬಸ್ ಕಂಡಕ್ಟರ್ ಆಗಿ ನಿವೃತ್ತರಾದವರು. ಅವರ ಮಾತು ಸುಳ್ಳಲ್ಲ. ಆದರೆ ತಪ್ಪು ಮಾಡದವಳು ಯಾಕೆ ಹೇಳಬೇಕು ಎಂಬುದು ನನ್ನ ವಾದವಾಗಿತ್ತು.

ನಮ್ಮ ಮನೆಯ ಹಿಂದೆ ಮಾವನವರು ಕಟ್ಟಿಸಿದ ಬೇಳೆ ಗೋದಾಮು ಇದೆ. ತೊಗರಿ ವ್ಯಾಪಾರ ನಿಂತ ಮೇಲೆ ಅದರಲ್ಲಿ ಇಲಿಗಳು ಸಂಸಾರ ಹೂಡಿದ್ದವು. ಎರಡು ವರ್ಷದ ಹಿಂದೆ ಆಮ್ರಪಾಲಿ ಬಂದು ಅದನ್ನು ಕೇಳಿದಳು. ಔರಾದ ತಾಲೂಕಿನ ಸಂತಪುರದ ಹುಡುಗಿ. ಅವಳ ತಂದೆ ಸುಶೀಲಕುಮಾರ ನಮ್ಮವರು ಕಂಡಕ್ಟರ್ ಆಗಿದ್ದ ಬಸ್ಸಿಗೆ ಡ್ರೈವರ್ ಆಗಿದ್ದವರು, ಹಾಗಾಗಿ ನಾನು ಅವಳಿಗೆ ಕಾಕು, ಚಿಕ್ಕಮ್ಮನ ಸಮಾನ. ಕಲಬುರಗಿಯಲ್ಲಿ ಚಿತ್ರಕಲೆ ಓದಿ, ಹೈದರಾಬಾದಿನ ಒಂದು ಗ್ಯಾಲರಿಯಲ್ಲಿ ಮೂರು ವರ್ಷ ಕೆಲಸ ಮಾಡಿ ವಾಪಸು ಬಂದಿದ್ದಳು.

“ಕಾಕು, ಇಲ್ಲಿ ಚಿತ್ರ ಪ್ರದರ್ಶನ ಮಾಡ್ತೇನಿ. ಸರ್ಕಾರದ್ದೂ ಅಲ್ಲ, ಸಾಹುಕಾರರದ್ದೂ ಅಲ್ಲ. ನಮ್ಮದೇ ಒಂದು ಜಾಗಾ.”

“ಯಾರವ್ವಾ ನೋಡಲಾಕ ಬರೋರು?” ಎಂದೆ.

“ನೀವು ಬರ್ತೀರಲ್ಲರಿ,” ಎಂದಳು. ನಾನು ಬರುತ್ತೇನೆಂದು ಯಾರು ಹೇಳಿದ್ದರೋ.

ಇಲಿಗಳನ್ನು ಓಡಿಸಿ, ಸುಣ್ಣ ಹೊಡೆದು, ‘ಗೋದಾಮು’ ಎಂದೇ ಬೋರ್ಡು ಹಾಕಿದಳು. ಮೊದಲ ವಾರ ಮೂವರು ರೈತರು ತೊಗರಿ ದರ ಕೇಳಿಕೊಂಡು ಬಂದರು. ಮೂವರಿಗೂ ಚಹಾ ಕೊಟ್ಟು ಚಿತ್ರ ತೋರಿಸಿಯೇ ಕಳಿಸಿದಳು.

ವಿಯೆಟ್ನಾಂ ದೇಶದ ಹನೋಯ್ ಎಂಬ ಊರಿನಲ್ಲಿ ಇಂಥದೇ ಜಾಗ ನಡೆಸುವ ಒಬ್ಬ ಹೆಂಗಸು ಹೈದರಾಬಾದಿನಲ್ಲಿ ಅವಳಿಗೆ ಪರಿಚಯವಾಗಿದ್ದಳಂತೆ. ಹಾಗೆ ಅಲ್ಲಿಯವರ ಕೆಲಸ ಇಲ್ಲಿಗೆ ಬರತೊಡಗಿತು. ಮೊದಲು ಬಂದದ್ದು ಒಬ್ಬರು ತೆಗೆದ ದೋಣಿಗಳ ಫೋಟೊ, ಮೇಲ್‌ನಲ್ಲಿ. ಅವನ್ನು ದೊಡ್ಡದಾಗಿ ಮುದ್ರಿಸಲು ಆಮ್ರಪಾಲಿ ಫ್ಲೆಕ್ಸ್ ಅಂಗಡಿಗೆ ಕೊಟ್ಟಳು. ಅಂಗಡಿಯವನಿಗೆ ಬರಿಯ ದೋಣಿ ನೋಡಿ ಕನಿಕರವಾಗಿರಬೇಕು. ಹನ್ನೆರಡು ಫೋಟೊಗಳ ಕೆಳಗೂ ‘ಶುಭ ಕೋರುವವರು’ ಎಂದು ಬರೆದು, ನಮ್ಮ ಓಣಿಯ ಯುವಕ ಮಂಡಳದ ಒಂಬತ್ತು ಮುಖಗಳನ್ನು ದುಂಡಗೆ ಕತ್ತರಿಸಿ ಸಾಲಾಗಿ ಕೂರಿಸಿಬಿಟ್ಟಿದ್ದ. ಆಮ್ರಪಾಲಿ ತಲೆ ಮೇಲೆ ಕೈಹೊತ್ತು ಕುಳಿತಳು. ಫೋಟೊ ತೆಗೆದವರು ಮಾತ್ರ ಅದನ್ನು ಫೋನಿನಲ್ಲಿ ನೋಡಿ, ಈ ಒಂಬತ್ತು ಜನ ನಿಮ್ಮೂರಿನ ಅಂಬಿಗರೇ ಎಂದು ಕೇಳಿದರಂತೆ. ಪ್ರದರ್ಶನಕ್ಕೆ ಮಂಡಳದವರು ಮನೆಮಂದಿಯನ್ನೆಲ್ಲ ಕರೆತಂದರು, ಗೋದಾಮು ತುಂಬಿತು.

ಏಪ್ರಿಲ್‌ನಲ್ಲಿ ಇಬ್ಬರು ಕಲಾವಿದರು ಸ್ವತಃ ಬಂದರು. ಒಂದು ತಿಂಗಳು ಇಲ್ಲೇ ಇದ್ದು ಕೆಲಸ ಮುಗಿಸಿ ಪ್ರದರ್ಶನ ಮಾಡುವುದು. ವಾಸ ನಮ್ಮ ಮಾಳಿಗೆಯ ಎರಡು ಕೋಣೆಗಳಲ್ಲಿ, ಊಟ ನಮ್ಮಲ್ಲಿ. ಒಬ್ಬಳು ಲಿಯೆನ್, ನಲವತ್ತೈದರ ಹೆಂಗಸು, ಮಾತು ಕಡಿಮೆ. ಯಾವುದಕ್ಕೂ ನಿಂಬೆಹಣ್ಣು ಹಿಂಡಿಕೊಳ್ಳುವಳು, ಮೊದಲೇ ಹುಳಿಯಾದ ಪುಂಡಿಪಲ್ಯಕ್ಕೂ ಬಿಡಲಿಲ್ಲ. ಇನ್ನೊಬ್ಬ ಖೋವಾ, ಸೈಗಾನ್ ಊರಿನವನು. ಹೆಸರು ಕೇಳಿ ನಮ್ಮ ಹೆಂಗಸರು ಪೇಡೆ ನೆನಪಿಸಿಕೊಂಡು ನಕ್ಕರು. ಅವನು ಹದಿನೈದು ಹಳೆಯ ಹೆಲ್ಮೆಟ್ ತಂದು ಗೋದಾಮಿನ ಸೂರಿಗೆ ತೂಗುಹಾಕಿದ. ತಲೆ ತೂರಿಸಿದರೆ ಒಂದೊಂದರಲ್ಲೂ ಒಂದೊಂದು ಸದ್ದು ಕೇಳಬೇಕು. ಅರ್ಧ ಅವನ ಊರಿನ ಸದ್ದುಗಳು, ಅರ್ಧ ನಮ್ಮೂರಿನವು. ಒಂದರಲ್ಲಿ ನಮ್ಮವರು “ಹಲಬರ್ಗಾ, ಭಾಲ್ಕಿ, ಭಾಲ್ಕಿ, ಭಾಲ್ಕಿ” ಎಂದು ಕೂಗುತ್ತಾರೆ. ತಮ್ಮ ದನಿ ತಾವೇ ಕೇಳಲು ದಿನಕ್ಕೆ ನಾಲ್ಕು ಸಲ ಹೋಗಿ ಹೆಲ್ಮೆಟ್‌ನೊಳಗೆ ತಲೆ ಹಾಕುತ್ತಿದ್ದರು.

ಲಿಯೆನ್‌ಳ ಕೆಲಸ ಬೇರೆ. ಎರಡು ಮೊಳ ಉದ್ದದ ಮರದ ಹಲಗೆಯನ್ನು ಊರಿನಿಂದಲೇ ತಂದಿದ್ದಳು. ಅವರ ಗುಡ್ಡಗಳಲ್ಲಿ ಒಂದು ಮರವಿದೆಯಂತೆ. ಅದರ ತೊಗಟೆ ಗೀರಿದರೆ ಹಾಲು ಬರುತ್ತದೆ, ಗಾಳಿಗೆ ಕಪ್ಪಾಗುತ್ತದೆ. ಆ ಹಾಲನ್ನು ಹಲಗೆಗೆ ಪದರ ಪದರವಾಗಿ ಬಳಿದು, ಬಣ್ಣ, ಬೆಳ್ಳಿ ತಗಡು, ಮೊಟ್ಟೆಯ ಚಿಪ್ಪು ಕೂರಿಸಿ ಚಿತ್ರ ಮಾಡುತ್ತಾರೆ. ಮೊಟ್ಟೆಯ ಚಿಪ್ಪೆಂದ ಕೂಡಲೇ ನಾನು ಮುಖ ಸಿಂಡರಿಸಿದೆ. ನಮ್ಮದು ಲಿಂಗ ಕಟ್ಟಿದ ಮನೆ, ಮೊಟ್ಟೆ ನಮ್ಮ ಹೊಸ್ತಿಲು ದಾಟಿಲ್ಲ. ಗೋದಾಮಿಗೆ ಹೊಸ್ತಿಲೇ ಇಲ್ಲ ಎಂದು ನಮ್ಮವರು ತೀರ್ಪು ಕೊಟ್ಟರು. ಬಸ್‌ಸ್ಟ್ಯಾಂಡಿನ ಆಮ್ಲೆಟ್ ಗಾಡಿಯಿಂದ ಒಂದು ಬುಟ್ಟಿ ಚಿಪ್ಪು ಬಂತು.

ಹದಿನೈದು ದಿನ ಕೂತು ಆಕೆ ಚಿಪ್ಪಿನ ಚೂರುಗಳನ್ನು ಒಂದೊಂದಾಗಿ ಅಂಟಿಸಿದಳು. ಹೋಗಿ ನೋಡಿದರೆ ಬಿದಿರು ತಟ್ಟಿಗಳ ಮೇಲೆ ಸಾಲಾಗಿ ಹಪ್ಪಳ, ನಡುವೆ ಟೋಪಿ ಹಾಕಿದ ಹೆಂಗಸರು. ಅಕ್ಕಿಯ ಹಾಳೆಗಳು ಅವು, ಅವಳ ತಾಯಿಯ ಊರಿನಲ್ಲಿ ಹೀಗೇ ಒಣಹಾಕುತ್ತಾರೆ ಎಂದಳು ಆಮ್ರಪಾಲಿ. ನನಗೆ ಆಕೆಯ ಮೇಲೆ ಎಲ್ಲಿಲ್ಲದ ಪ್ರೀತಿ ಬಂತು. ಹಪ್ಪಳದವಳಿಗೆ ಹಪ್ಪಳದವಳ ಕಷ್ಟ ಗೊತ್ತು.

ಆದರೆ ಮಂಗಳವಾರ ಬೆಳಿಗ್ಗೆ ನೋಡುತ್ತೇನೆ, ಇಡೀ ಚಿತ್ರಕ್ಕೆ ಕಪ್ಪು ಬಳಿದುಬಿಟ್ಟಿದ್ದಾಳೆ. ಒಬ್ಬ ಹೆಂಗಸಿನ ಟೋಪಿಯ ತುದಿಯೂ ಕಾಣದು.

“ಇದು ಕಡೀ ಪದರರಿ ಕಾಕು,” ಎಂದಳು ಆಮ್ರಪಾಲಿ. “ಒಣಗಿದ ಮ್ಯಾಲ ನೀರು ಹಾಕಿ ತಿಕ್ಕತಾರ, ಆಗ ಒಳಗಿನ ಚಿತ್ರ ಹೊರಗ ಬರ್ತದ. ಹಸಿ ಇದ್ದಾಗ ಮುಟ್ಟಬ್ಯಾಡ್ರಿ ಮತ್ತ, ಕೈ ಕಡೀತದ. ಆದ್ರ ಒಣಗವಲ್ದು ನೋಡ್ರಿ. ಭಾನುವಾರ ಉದ್ಘಾಟನಾ ಅದಾ.”

ಒಣಗದ ವಸ್ತುವಿನ ಸುತ್ತ ಆ ಲಿಯೆನ್ ಏನು ಮಾಡಿದ್ದಳು ಗೊತ್ತೇ? ಹಸಿ ಬಟ್ಟೆಗಳನ್ನು ತೂಗುಹಾಕಿದ್ದಳು. ಬಾಗಿಲು ಮುಚ್ಚಿ, ನೆಲಕ್ಕೆ ನೀರು ಚಿಮುಕಿಸುತ್ತಿದ್ದಳು. ಪಾಪ, ಓದಿದವರಿಗೆ ಇಷ್ಟೂ ತಿಳಿಯದಲ್ಲ ಎಂದುಕೊಂಡೆ. ಹೊರಗೆ ನಲವತ್ತೊಂದು ಡಿಗ್ರಿ ಬಿಸಿಲು ಪುಕ್ಕಟೆ ಬೀಳುತ್ತಿತ್ತು.

ಬುಧವಾರ ಅವರು ಮೂವರೂ ಔರಾದಿನ ಕಾಲೇಜಿಗೆ ಹೋದರು, ಅಲ್ಲಿನ ಮಕ್ಕಳಿಗೆ ತಮ್ಮ ಕೆಲಸ ತೋರಿಸಿ ಮಾತಾಡಲು. ನಮ್ಮವರು ಮಲಗಿದ್ದರು. ನಾನು ಗೋದಾಮಿಗೆ ಹೋಗಿ, ಹಲಗೆಯನ್ನು ಅಂಚು ಹಿಡಿದು ಎತ್ತಿ, ಮಾಳಿಗೆಗೆ ಒಯ್ದು ಕುರಡಗಿಯ ಪಕ್ಕದಲ್ಲಿ ಇಟ್ಟೆ. ಸಂಜೆ ಬಂದು ನೋಡಿದವಳು ನನ್ನ ಕಾಲಿಗೆ ಬೀಳುತ್ತಾಳೆ ಎಂದುಕೊಂಡೇ ಇಟ್ಟೆ, ಸುಳ್ಳು ಯಾಕೆ ಹೇಳಲಿ.

ಮೂರು ಗಂಟೆ ಕಳೆದು ಹೋಗಿ ನೋಡಿದರೆ ಕಪ್ಪು ಒಣಗಿರಲಿಲ್ಲ. ಬಿಸಿಗೆ ತೆಳ್ಳಗಾಗಿ ಒಂದು ಮೂಲೆಗೆ ಹರಿದು ಗುಡ್ಡೆಗಟ್ಟಿತ್ತು. ಗಾಳಿ ಬೀಸಿ ಧೂಳು, ಹಪ್ಪಳದ ಹಿಟ್ಟು, ಯಾವುದೋ ಕೋಳಿಯ ಪುಕ್ಕ ಎಲ್ಲ ಮೆತ್ತಿಕೊಂಡಿತ್ತು. ಪುಕ್ಕ ಕೀಳಲು ಹೋದರೆ ಬೆರಳಿನ ಗುರುತೂ ಬಿತ್ತು. ಹಲಗೆಯನ್ನು ಗೋದಾಮಿನಲ್ಲಿ ಮೊದಲಿದ್ದ ಜಾಗಕ್ಕೇ ತಂದಿಟ್ಟು, ಕೈ ತೊಳೆದು, ಏನೂ ಆಗದವಳಂತೆ ರೊಟ್ಟಿ ಬಡಿಯಲು ಕೂತೆ.

ಸಂಜೆ ಲಿಯೆನ್ ಹಲಗೆಯ ಮುಂದೆ ನಿಂತಳು. ಅಲ್ಲೇ ನೆಲದ ಮೇಲೆ ಕೂತುಬಿಟ್ಟಳು. ಆಮ್ರಪಾಲಿ ತಲೆಯೆತ್ತಿ ನೋಡಿದಳು. ಮೇಲಿನ ಕಿಟಕಿ ತೆರೆದಿತ್ತು.

“ಮುಂಜಾನಿ ಶಕಿ ಆಗಲಾಕತ್ತಿತ್ತು, ನಾನೇ ತೆಗೆದಿದ್ದೆ,” ಎಂದಳು. “ಹೋಗುವಾಗ ಮುಚ್ಚೋದು ಮರತೆ. ಧೂಳೆಲ್ಲ ಅಲ್ಲಿಂದೇ ಬಂದದ.” ಹಾಗೆಂದು ಗೊಳೋ ಎಂದು ಅತ್ತಳು. ನಾನು ಬಾಗಿಲಲ್ಲಿ ಚಹಾ ಹಿಡಿದುಕೊಂಡು ನಿಂತಿದ್ದೆ. ಆಗಲೇ ಹೇಳಬೇಕಿತ್ತು. ಚಹಾ ಕೆಳಗಿಟ್ಟು ಬಂದುಬಿಟ್ಟೆ.

ಗುರುವಾರ ಬೆಳಿಗ್ಗೆ ಎದ್ದರೆ ಎರಡೂ ಕೈ ಬೋಂಡದ ಹಾಗೆ ಉಬ್ಬಿವೆ, ಬೆರಳ ಸಂದಿಯಲ್ಲೆಲ್ಲ ಗುಳ್ಳೆ, ತುರಿಕೆಯೆಂದರೆ ತುರಿಕೆ. ನಮ್ಮವರಿಗೆ ಉಷ್ಣವೆಂದೆ. ನಮ್ಮಲ್ಲಿ ಹಪ್ಪಳ ಲಟ್ಟಿಸುವ ಕಸ್ತೂರಿಬಾಯಿಗೆ ಸೊಳ್ಳೆಯೆಂದೆ. ಆಕೆ ಸುಮ್ಮನೆ ನಂಬುವವಳಲ್ಲ.

“ಬರೇ ಅಂಗೈ ನೋಡಿ ಕಡಿಯೋ ಸೊಳ್ಳಿ ಎಲ್ಲಿಂದ ಬಂತರಿ ಅಕ್ಕಾ?” ಎಂದಳು. ನಾನು ಸೆರಗಿನಲ್ಲಿ ಕೈ ಸುತ್ತಿಕೊಂಡು ಗೋದಾಮಿಗೆ ಹೋದೆ.

ಲಿಯೆನ್ ಆಗಲೇ ಕೆಟ್ಟ ಪದರವನ್ನು ಸೀಮೆಎಣ್ಣೆಯಲ್ಲಿ ಒರೆಸಿ ತೆಗೆದು ಹೊಸದಾಗಿ ಬಳಿದಿದ್ದಳು. ಆಮ್ರಪಾಲಿಯ ಕಣ್ಣು ಬಾತಿತ್ತು.

“ಈಗರ ಒಣಗ್ತದೇನವ್ವಾ?” ಎಂದೆ.

“ಹ್ಯಾಂಗ ಒಣಗ್ತದರಿ? ಇದು ತೇವದಾಗ ಒಣಗೋ ವಸ್ತು. ಮಳಿಗಾಲದಂಥ ಹವಾ ಬೇಕು. ಬಿಸಲು ತಾಕಿದ್ರ ಕೆಡ್ತದ. ಅದಕ್ಕಲ್ಲೇನು ಅಕಿ ಹಸಿ ಬಟ್ಟಿ ಕಟ್ಟಿದ್ದು.” ಆಮೇಲೆ ಅವಳೇ ಮೆಲ್ಲಗೆ ಹೇಳಿದಳು: “ಕಾಕು, ಭಾನುವಾರ ಮುಗಿದ ಮ್ಯಾಲ ಗೋದಾಮಿನ ಚಾವಿ ಕೊಟ್ಟುಬಿಡ್ತೇನಿ. ಔರಾದದಾಗ ಅತಿಥಿ ಉಪನ್ಯಾಸಕಿ ಕೆಲಸಾ ಅದಾ, ಅಪ್ಪ ಹೋಗು ಅಂತಾರ. ಮಂದಿ ನಂಬಿ ಸಮುದ್ರ ದಾಟಿ ತಂದದ್ದು ಒಂದು ದಿನಾ ಕಾಯಲಾಕ ಆಗಲಿಲ್ಲ ನನಗ. ನನ್ನ ಕೈಲೆ ಆಗೋ ಕೆಲಸ ಅಲ್ಲ ಇದು.”

ಒಂದು ಮಾತು ಹೇಳಿದರೆ ಹುಡುಗಿ ಉಳಿಯುತ್ತಾಳೆ. ಹೇಳಿದರೆ ಒಣಗಿಸುವುದರಲ್ಲಿ ಬೀದರಿಗೇ ಮೊದಲಿನವಳು ಎಂದು ಮೆರೆದ ನನ್ನ ಮುಖ ಎಲ್ಲಿಡಲಿ? ಕಸ್ತೂರಿಬಾಯಿ ಇದನ್ನು ಭಾಲ್ಕಿಯ ತನಕ ಸಾರುತ್ತಾಳೆ. ಆ ಮಾತು ಬಿಟ್ಟು ಬೇರೆ ಮಾತು ಹೇಳಿದೆ.

“ತೇವದ ಜಾಗಾ ನನಗ ಗೊತ್ತದ. ಹಲಬರ್ಗಾದಾಗ ನಮ್ಮ ತಮ್ಮ ಅಣಬಿ ಬೆಳಸ್ತಾನ. ಅವನ ಶೆಡ್ಡಿನೊಳಗ ಹೊಕ್ಕರ ಸೀರಿ ನೆನೀತದ.”

ಒಂದು ಗಂಟೆಯೊಳಗೆ ನಮ್ಮ ಓಣಿಯ ಯುನುಸನ ಟಂಟಂ ಆಟೋ ಬಾಗಿಲಿಗೆ ಬಂತು. ಆಮ್ರಪಾಲಿ ಉದ್ಘಾಟನೆಯ ಕೆಲಸಕ್ಕೆ ಗೋದಾಮಿನಲ್ಲೇ ಉಳಿದಳು. ಹಲಗೆಗೆ ಧೂಳು ತಾಗದಂತೆ ಅದನ್ನು ಖಾಲಿ ಗೋಧಿ ಪೆಟ್ಟಿಗೆಯಲ್ಲಿ ಮಲಗಿಸಿ, ಮುಚ್ಚಳದ ಮೇಲೆ ಖೋವಾನನ್ನು ಕೂರಿಸಿದೆವು. ಭಾಲ್ಕಿ ರಸ್ತೆಯ ಪ್ರತಿ ಉಬ್ಬಿಗೂ ಲಿಯೆನ್ ಕಣ್ಣು ಮುಚ್ಚುವಳು. “ಫಿಕರ್ ಮಾಡಬ್ಯಾಡ್ರಿ ಮೇಡಂ, ನಾನು ಬಾಣಂತ್ಯಾರನ್ನ ಒಯ್ದಾಂವ ಇದ್ದೇನಿ,” ಎಂದು ಯುನುಸ ಕನ್ನಡದಲ್ಲೇ ಧೈರ್ಯ ಹೇಳಿದ. ಆಕೆಗೆ ಅರ್ಥವಾಯಿತೋ ಏನೋ, ತಲೆಯಾಡಿಸಿದಳು.

ತಮ್ಮ ಸತೀಶಕುಮಾರನ ಶೆಡ್ಡಿನ ಸುತ್ತ ಹಸಿ ಗೋಣಿತಟ್ಟು, ಒಳಗೆ ಹುಲ್ಲಿನ ಚೀಲಗಳಿಂದ ಕಿವಿಯಂತೆ ಚಾಚಿದ ಅಣಬೆ, ಗಳಿಗೆಗೊಮ್ಮೆ ಹಬೆಯಂತೆ ಚಿಮ್ಮುವ ನೀರು. ಲಿಯೆನ್ ಒಳಗೆ ಕಾಲಿಟ್ಟು ಉಸಿರೆಳೆದುಕೊಂಡಳು. ಬಂದು ಮೂರು ವಾರದಲ್ಲಿ ಆಕೆ ಹಲ್ಲು ಕಾಣುವಂತೆ ನಕ್ಕದ್ದು ಆಗಲೇ. ಒಂದು ಮೂಲೆಯ ಚೀಲ ತೆಗೆಸಿ, ಪರದೆ ಕಟ್ಟಿಸಿ, ಹಲಗೆ ಇಟ್ಟೆವು.

“ಅಕ್ಕಾ, ಕೈ ಏನಾಗ್ಯಾವು?” ಎಂದು ತಮ್ಮ ಕೇಳಿದ.

“ಏನಿಲ್ಲ, ಬಿಸಲು.”

ಲಿಯೆನ್ ನನ್ನ ಕೈ ಹಿಡಿದು ಸೆರಗು ಬಿಚ್ಚಿದಳು. ಅಂಗೈ ತಿರುಗಿಸಿ ನೋಡಿದಳು, ಬೆರಳುಗಳನ್ನು ನೋಡಿದಳು. ತನ್ನ ಭಾಷೆಯಲ್ಲಿ ಏನೋ ಹೇಳಿದಳು. ಅದನ್ನು ಅನುವಾದಿಸಲು ಖೋವಾ ಫೋನು ಹಿಡಿದ. ಫೋನಿನೊಳಗಿನ ಹೆಂಗಸು ಸುದ್ದಿ ಓದುವವಳ ಕನ್ನಡದಲ್ಲಿ ಹೇಳಿದಳು: “ಮರದ ಹಾಲು ನಿಮ್ಮನ್ನು ತಿಂದಿದೆ.”

ನಾನು ಕೈ ಎಳೆದುಕೊಳ್ಳಲು ನೋಡಿದೆ, ಆಕೆ ಬಿಡಲಿಲ್ಲ.

“ನಾನು ಬುಧವಾರ ಸಂಜೆಯೇ ನೋಡಿದೆ. ಹಲಗೆಯ ಮೇಲೆ ಹಿಟ್ಟು ಇತ್ತು,” ಎಂದಿತು ಫೋನು. “ಬುಧವಾರ ನನಗೆ ನಿಮ್ಮ ಮೇಲೆ ತುಂಬಾ ಕೋಪವಿತ್ತು. ಇಂದು ಸ್ವಲ್ಪ ಕಡಿಮೆ ಇದೆ. ನಾನು ಹುಡುಗಿಗೆ ಹೇಳುವುದಿಲ್ಲ. ಅದು ನಿಮ್ಮ ಕೆಲಸವಾಗಿದೆ.”

ಆಮೇಲೆ ತಮ್ಮನ ಹೊಲದ ಬೇವಿನ ಸೊಪ್ಪು ತರಿಸಿ, ಕುದಿಸಿದ ನೀರಿನಲ್ಲಿ ನನ್ನ ಕೈ ತಾನೇ ಅದ್ದಿ ಹಿಡಿದಳು. ಬೈದಿದ್ದರೆ ತಿರುಗಿ ಬೈಯುತ್ತಿದ್ದೆ. ಹೀಗೆ ಮಾಡುವವರಿಗೆ ಏನು ಮಾಡುವುದು?

ಶುಕ್ರವಾರ ಹೇಳಬೇಕೆಂದು ಎರಡು ಸಲ ಗೋದಾಮಿಗೆ ಹೋದೆ. ಒಮ್ಮೆ ಅವಲಕ್ಕಿ ಕೊಟ್ಟು ಬಂದೆ, ಇನ್ನೊಮ್ಮೆ ಕಸ ಗುಡಿಸಿ ಬಂದೆ. ಶನಿವಾರ ಹಲಬರ್ಗಾದಿಂದ ಹಲಗೆ ವಾಪಸು ಬಂತು, ಉಗುರಿನಿಂದ ಬಡಿದರೆ ಟಕ್ಕೆನ್ನುವಷ್ಟು ಒಣಗಿ. ಆಮ್ರಪಾಲಿ ಅದನ್ನು ಮುಟ್ಟಲೇ ಇಲ್ಲ. ಭಾನುವಾರ ಬೆಳಿಗ್ಗೆ ಬಂದು ಚಾವಿಯನ್ನು ನಮ್ಮವರ ಕೈಗೆ ಕೊಟ್ಟಳು. ನಮ್ಮವರು ಚಾವಿಯನ್ನೂ ನನ್ನ ಕೈಗಳನ್ನೂ ನೋಡಿದರು, ಅಂಗಿಯ ಜೇಬಿಗೆ ಹಾಕಿಕೊಂಡರು. ಕಂಡಕ್ಟರ್ ಆಗಿದ್ದವರ ಕಣ್ಣಿಗೆ ಟಿಕೆಟ್ ಇಲ್ಲದವರು ಬೇಗ ಸಿಗುತ್ತಾರೆ.

ಸಂಜೆ ನಾಲ್ಕಕ್ಕೆ ಗೋದಾಮು ತುಂಬಿತು. ಔರಾದಿನ ಕಾಲೇಜಿನವರು, ಸಂತಪುರದಿಂದ ಆಮ್ರಪಾಲಿಯ ಮನೆಯವರು, ಹಲಬರ್ಗಾದಿಂದ ತಮ್ಮ, ಯುವಕ ಮಂಡಳದ ಒಂಬತ್ತು ಮುಖಗಳು. ಮಂದಿ ಹೆಲ್ಮೆಟ್‌ಗಳಲ್ಲಿ ತಲೆ ತೂರಿಸಿ ನಗುತ್ತಿದ್ದರು. ನಡುವೆ ಮೇಜಿನ ಮೇಲೆ ಕಪ್ಪು ಹಲಗೆ. ಎಲ್ಲರೆದುರು ತಿಕ್ಕಿ ಚಿತ್ರ ಹೊರಗೆ ತರುವುದೇ ಉದ್ಘಾಟನೆ ಎಂದು ಲಿಯೆನ್ ನಿರ್ಧರಿಸಿದ್ದಳು. ಅದಕ್ಕೆ ಮೊದಲು ಆಮ್ರಪಾಲಿ ಮೈಕು ಹಿಡಿದಳು. ಸ್ವಾಗತ ಮುಗಿಸಿ, ಸ್ವಲ್ಪ ತಡೆದು ಹೇಳಿದಳು:

“ಈ ಕೆಲಸಾ ನನ್ನ ಹಲಗರ್ಜಿಯಿಂದ ಹಾಳಾಗೋದಿತ್ತು. ಅತಿಥಿಗಳು ದೊಡ್ಡ ಮನಸಿನವರು, ಒಂದು ಮಾತು ಅನ್ನಲಿಲ್ಲ. ನಾನು ನಿಮ್ಮೆಲ್ಲರ ಮುಂದ ಅವರ ಮಾಫಿ ಕೇಳ್ತೇನಿ. ಮತ್ತ ಇದು ಗೋದಾಮಿನ ಕಡೀ…”

ಆ ಹುಡುಗಿ ಮಾಡದ ತಪ್ಪಿಗೆ ಇಷ್ಟು ಜನರೆದುರು ತಲೆ ತಗ್ಗಿಸಿದಳಲ್ಲ, ಅದನ್ನು ಕುಳಿತು ನೋಡಲು ನನ್ನಿಂದ ಆಗಲಿಲ್ಲ. ಎದ್ದು ನಿಂತೆ.

“ಆಮ್ರಪಾಲಿ, ನಿಲ್ಲು. ಖಿಡಕಿ ಅಲ್ಲ ಅದು. ನಾನು. ಬುಧವಾರ ಮಧ್ಯಾಹ್ನ ಈ ಹಲಗಿ ಮಾಳಗಿ ಮ್ಯಾಲ ಒಯ್ದು ಕುರಡಗಿ ಬಾಜೂ ಬಿಸಲಿಗೆ ಇಟ್ಟೆ. ಒಣಗಲಿ ಅಂತ ಇಟ್ಟೆ. ಕೆಟ್ಟಿತು. ತಂದು ಸುಮ್ಮನ ಇಟ್ಟೆ. ಬೇಕಾದ್ರ ನೋಡ್ರಿ.” ಎರಡೂ ಕೈ ಎತ್ತಿ ತೋರಿಸಿದೆ. “ತಪ್ಪು ನಂದು.”

ಹಿಂದಿನಿಂದ ನಮ್ಮವರ ದನಿ ಬಂತು: “ಖೋವಾ, ಇದು ರೆಕಾರ್ಡ್ ಆಯ್ತೇನಪಾ? ಮೂವತ್ತಾರು ವರ್ಷ ಕಾದೇನಿ.”

ಗೋದಾಮಿನ ತಗಡು ಹಾರುವಂತೆ ಜನ ನಕ್ಕರು. ಕಸ್ತೂರಿಬಾಯಿ ಕಣ್ಣೊರೆಸಿಕೊಂಡು ನಕ್ಕಳು. ಆಮ್ರಪಾಲಿ ನಗಲಿಲ್ಲ. ಮುಖ ಕೆಂಪಗಾಗಿತ್ತು.

“ನಾಕು ದಿನಾ ಕಾಕು,” ಎಂದಳು. ಮೈಕು ಇನ್ನೂ ಕೈಯಲ್ಲಿತ್ತು, ಎಲ್ಲರಿಗೂ ಕೇಳಿಸಿತು. “ನಾಕು ದಿನಾ ನನಗ ಅನ್ನ ಇಳಿದಿಲ್ಲ.” ಮೈಕು ಮೇಜಿನ ಮೇಲಿಟ್ಟು ಹಿಂದಿನ ಬಾಗಿಲಿನಿಂದ ಹೊರಗೆ ಹೋದಳು.

ನಗು ನಿಂತಿತು. ಲಿಯೆನ್ ಏನೂ ಕೇಳದವಳಂತೆ ನೀರು ಚಿಮುಕಿಸಿ ಹಲಗೆ ತಿಕ್ಕಲು ಕೂತಳು. ಕಪ್ಪು ನೀರು ಹರಿಯಿತು. ಮೊದಲು ಒಂದು ಬಿಳಿ ಚುಕ್ಕೆ, ಆಮೇಲೆ ಒಂದು ದುಂಡಗಿನ ಅಕ್ಕಿಹಾಳೆ, ಆಮೇಲೆ ಇನ್ನೊಂದು. ಬೆಳ್ಳಿಯ ಬೆಳಕು ತಟ್ಟಿಗಳ ಸಂದಿಯಿಂದ ಎದ್ದು ಬಂತು. ಕೊನೆಯ ಹೊಳಪು ಬರಿಯ ಅಂಗೈಯಿಂದ ಬರಬೇಕಂತೆ. ಹಪ್ಪಳ ಲಟ್ಟಿಸಿ ನಯವಾದ ಅಂಗೈಗಳು ಬೇಕೆಂದು ನಮ್ಮ ನಾಲ್ವರು ಹೆಂಗಸರನ್ನು ಕರೆದಳು. ನನ್ನನ್ನು ಕರೆಯಲಿಲ್ಲ. ಕಸ್ತೂರಿಬಾಯಿ ನನ್ನ ಕಡೆ ನೋಡಿ ನೋಡಿ ತಿಕ್ಕಿದಳು. ಒಬ್ಬೊಬ್ಬರಾಗಿ ಟೋಪಿಯ ಹೆಂಗಸರು ಕತ್ತಲಿನಿಂದ ಹೊರಗೆ ಬಂದು ನಿಂತರು. ಅಷ್ಟು ಚೆಂದದ ವಸ್ತುವನ್ನು ನಾನು ಹತ್ತಿರದಿಂದ ನೋಡಿದ್ದಿಲ್ಲ, ಅದರ ಅರ್ಧ ಸುಖವೂ ನನಗೆ ದಕ್ಕಲಿಲ್ಲ. ಕಣ್ಣು ಹಿಂದಿನ ಬಾಗಿಲಿನಲ್ಲೇ ಇತ್ತು.

ಅರ್ಧ ಗಂಟೆಗೆ ಆಮ್ರಪಾಲಿ ಮುಖ ತೊಳೆದುಕೊಂಡು ಬಂದಳು. ನನ್ನ ಕಡೆ ನೋಡದೆ ನೀರಿನ ಚೊಂಬು ತೆಗೆದುಕೊಂಡು ಲಿಯೆನ್ ಪಕ್ಕದಲ್ಲಿ ಕೂತಳು. ಬಂದವರು ಒಂದೊಂದೇ ಪ್ರಶ್ನೆ ಕೇಳತೊಡಗಿದರು. ಅವಳು ಉತ್ತರ ಹೇಳತೊಡಗಿದಳು. ಹೇಳುತ್ತ ಹೇಳುತ್ತ ಅವಳ ದನಿ ಮೊದಲಿನಂತಾಯಿತು.

ಮಂದಿ ಚಹಾಕ್ಕೆ ಎದ್ದಾಗ ನೇರ ನನ್ನ ಮುಂದೆ ಬಂದು ನಿಂತಳು. ಹಣೆ ಇನ್ನೂ ಗಂಟಿಕ್ಕಿಯೇ ಇತ್ತು.

“ಜುಲೈದಾಗ ಅವರ ದೇಶದಿಂದ ಇನ್ನೂ ಮೂವರು ಬರ್ತಾರ. ಅವರಿದ್ದಷ್ಟು ದಿನಾ ನೀವು ಈ ಬಾಗಿಲ ಒಳಗ ಕಾಲಿಡಂಗಿಲ್ಲ. ಪ್ರದರ್ಶನದ ದಿನಾ ಬರ್ರಿ, ಎಲ್ಲಾರ ಜೋಡಿ ಬರ್ರಿ, ಕೈ ಹಿಂದ ಕಟ್ಟಕೊಂಡು ನೋಡ್ರಿ. ಏನರ ಒಣಗಲಿಲ್ಲಂದ್ರ ನಿಮಗ ಸಂಬಂಧ ಇಲ್ಲ. ಏನರ ಹಸಿ ಅದಾ ಅಂದ್ರ ನಿಮಗ ಸಂಬಂಧ ಇಲ್ಲ.”

“ಮತ್ತ ಊಟ?”

“ಊಟ ಬಾಗಿಲ ಹೊರಗ ಇಟ್ಟು ಹೋಗ್ರಿ,” ಎಂದು, ನನ್ನ ಹೆಗಲ ಮೇಲಿಂದ ನಮ್ಮವರ ಕಡೆ ಕೈ ಚಾಚಿದಳು. “ಕಾಕಾ, ಚಾವಿ.”

ನಮ್ಮವರು ಜೇಬಿನಿಂದ ತೆಗೆದು ಕೊಟ್ಟರು. ಮಾವನವರು ಕಟ್ಟಿಸಿದ ಗೋದಾಮಿಗೆ ಸೊಸೆಯಾದ ನನಗೇ ಪ್ರವೇಶವಿಲ್ಲ. ಇಪ್ಪತ್ತೆಂಟು ವರ್ಷದ ಹುಡುಗಿ ಬೆರಳು ತೋರಿಸಿ ಬೈಯುತ್ತಿದ್ದಾಳೆ, ಕಸ್ತೂರಿಬಾಯಿ ಬಿಸ್ಕತ್ತು ಕಡಿಯುತ್ತ ಕೇಳುತ್ತಿದ್ದಾಳೆ. ನಾನು “ಆಗಲವ್ವಾ, ಆಗಲಿ” ಎಂದು ತಲೆಯಾಡಿಸುತ್ತಲೇ ಇದ್ದೆ. ಹುಟ್ಟಿದಂದಿನಿಂದ ಯಾರ ಕೈಯಲ್ಲೂ ಅಷ್ಟು ಖು‌ಷಿಯಿಂದ ಬೈಸಿಕೊಂಡವಳಲ್ಲ ನಾನು.